ಹಿಮ ಬಿಟ್ಟವಳು

ನಮ್ಮ ಗರಾಜಿನಲ್ಲಿ ಹಬ್ಬಗಳೆಲ್ಲ ಒಂದೇ ರಟ್ಟಿನ ಡಬ್ಬದಲ್ಲಿ ಹೊಂದಿಕೊಂಡು ಇವೆ. ಮೇಲೆ ಗಣಪತಿಯ ಥರ್ಮಾಕೋಲಿನ ಮಂಟಪ, ಅದರ ಕೆಳಗೆ ನಮ್ಮ ಅತ್ತೆ ಮಂಡ್ಯದಿಂದ ತಂದ ಪಟ್ಟದ ಗೊಂಬೆಗಳು, ಅದರ ಕೆಳಗೆ ದೀಪಾವಳಿಯ ಲೈಟಿನ ಸರ, ತಳದಲ್ಲಿ ಮೂರು ತುಂಡಾಗಿ ಮಲಗಿರುವ ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಗಿಡ. ಲೈಟಿನ ಸರ ದೀಪಾವಳಿಗೂ ಅದೇ, ಕ್ರಿಸ್‌ಮಸ್ಸಿಗೂ ಅದೇ. ಈ ಸಲ ಗಿಡವನ್ನು ಎಳೆದಾಗ ಅದರ ಕೊಂಬೆಗೆ ಸಿಕ್ಕಿಕೊಂಡು ಒಂದು ದಿಂಬಿನ ಚೀಲವೂ ಹೊರಗೆ ಬಂತು. ಮೂಲೆಯಲ್ಲಿ ಕೆಂಪು ದಾರದ ಗುಲಾಬಿ, ಎರಡು ಹಸಿರು ಎಲೆ. ಒಳಗೆ ಹತ್ತಿ.

ಅದು ಔಷಧಿ ಅಂಗಡಿಯ ನೀಲಿ ಕಾಗದದಲ್ಲಿ ಸುತ್ತಿ ಬರುವ ಹತ್ತಿಯಲ್ಲ. ಅದಕ್ಕೆ ಜೀವವಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಇದು ಗದಗಿನ ಹತ್ತಿ. ಇಲ್ಲಿ ಯೂನಿಯನ್ ಸಿಟಿಯ ಗರಾಜಿನಲ್ಲಿ ಏಳು ವರ್ಷ ಮಲಗಿದ್ದರೂ ಕೈ ಹಾಕಿದರೆ ಬೆಚ್ಚಗೇ ಇತ್ತು. ಗಿಡವನ್ನು ಅಲ್ಲೇ ಬಿಟ್ಟು, ವಾಷಿಂಗ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಚೀಲ ಹಿಡಿದುಕೊಂಡು ಕೂತುಬಿಟ್ಟೆ.

ಈ ಹತ್ತಿ ಇಲ್ಲಿಗೆ ಬಂದ ಕತೆ ಹೇಳುವ ಮೊದಲು ನಿಮ್ಮೆದುರು ಒಂದು ತಪ್ಪೊಪ್ಪಿಗೆ ಮಾಡಬೇಕು. ನಾನು ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿಯವರೆಗೆ ಹಿಮ ಬೀಳುವುದನ್ನು ನೋಡಿಲ್ಲ.

ನಗಬೇಡಿ. ನಮ್ಮ ಬೇ ಏರಿಯಾದಲ್ಲಿ ಹಿಮ ಬೀಳುವುದಿಲ್ಲ, ಡಿಸೆಂಬರಿನಲ್ಲಿ ಬಂದರೆ ಮಳೆ, ಇಲ್ಲವಾದರೆ ಬಿಸಿಲು, ಅದು ನಿಜ. ಆದರೆ ನಾಲ್ಕು ತಾಸು ಕಾರು ಓಡಿಸಿದರೆ ಬೆಟ್ಟದ ಮೇಲೆ ಬೇಕಾದಷ್ಟು ಹಿಮವಿದೆ ಎನ್ನುವುದೂ ನಿಜ. ಇಲ್ಲಿಯ ಕನ್ನಡದವರೆಲ್ಲ ಕ್ರಿಸ್‌ಮಸ್ ರಜೆಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ ಜಾರಿ ಬಿದ್ದು ಬರುತ್ತಾರೆ. ನಮ್ಮ ಮನೆಯವರು ಮತ್ತು ಮಗಳು ಇಂಚರ ಪ್ರತಿ ವರ್ಷ ಹೋಗುತ್ತಾರೆ. ನನಗೆ ಮಾತ್ರ ಸರಿಯಾಗಿ ಆ ವಾರವೇ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು ಬರುತ್ತದೆ. ಬರದಿದ್ದರೆ ಜ್ವರ ಬರುತ್ತದೆ. ಒಂದು ವರ್ಷ ಎರಡೂ ಬರಲಿಲ್ಲ, ಆಗ ಹಲ್ಲುನೋವು ತರಿಸಿಕೊಂಡೆ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರುತ್ತಾರಲ್ಲ, ಹಾಗೆ ನಾನು ಹಿಮ ಬಿಟ್ಟಿದ್ದೇನೆ. ನಮ್ಮ ಓಣಿಯ ಗಂಗವ್ವಜ್ಜಿ ಬದನೆಕಾಯಿ ಬಿಟ್ಟಿದ್ದಳು. ರೊಟ್ಟಿ ಉಣ್ಣುವ ಊರಿನಲ್ಲಿ ಬದನೆಕಾಯಿ ಬಿಟ್ಟವರ ಪಾಡು ನಿಮಗೆ ಗೊತ್ತಿರಬೇಕು. ಪಕ್ಕದ ಮನೆಯಲ್ಲಿ ಎಣ್ಣೆಗಾಯಿಯ ಘಮ ಎದ್ದರೆ ಸಾಕು, ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿ ಕೂರುತ್ತಿದ್ದಳು. ನಾನು ಆಗ ಎಷ್ಟು ನಕ್ಕಿದ್ದೆನೋ! ಈಗ ಕೆಲವು ಚಳಿಗಾಲದಲ್ಲಿ ಸ್ಯಾನ್ ಹೊಸೆಯ ಪೂರ್ವದ ಬೆಟ್ಟದ ತುದಿಗೆ ಒಂದಿಷ್ಟು ಬಿಳಿ ಹತ್ತುತ್ತದೆ. ಫ್ರೀವೇಯಲ್ಲಿ ಎಲ್ಲರೂ ಕಾರು ನಿಧಾನ ಮಾಡಿ ಆ ಕಡೆ ನೋಡುತ್ತಾರೆ. ನಾನು ಕಿಟಕಿಯ ಕಡೆಗೆ ಸನ್ ವೈಸರು ಇಳಿಸಿಕೊಂಡು ಮುಂದೆ ಹೋಗುತ್ತೇನೆ.

ಇದಕ್ಕೆಲ್ಲ ಕಾರಣ ನಮ್ಮವ್ವ. ಅವಳಿಗಿಂತ ಹೆಚ್ಚಾಗಿ ನನ್ನ ಬಾಯಿ.

ಅವ್ವ ಗದಗಿನಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೀಜ ಬಿಡಿಸುವ ಯಂತ್ರದ ಮುಂದೆ ನಿಂತು ಹತ್ತಿ ಆರಿಸುವ ಕೆಲಸ. ಮಿಲ್ಲಿನ ಗೋಡೆಗೆ ಹತ್ತಿಕೊಂಡೇ ನಮ್ಮ ಓಣಿ. ಹಂಗಾಮು ಶುರುವಾಯಿತೆಂದರೆ ಓಣಿಯ ತುಂಬ ಹತ್ತಿಯ ಧೂಳು ಹಾರುತ್ತಿತ್ತು. ಕರೆಂಟಿನ ತಂತಿಯ ಮೇಲೆ, ಬೇವಿನ ಗಿಡದ ಮೇಲೆ, ಒಣಗಲು ಹಾಕಿದ ಸಂಡಿಗೆಯ ಮೇಲೆ, ಮಲಗಿದ ಎಮ್ಮೆಯ ಬೆನ್ನಿನ ಮೇಲೆ ಬಿಳಿ ಕೂತಿರುತ್ತಿತ್ತು. ಕರಿ ಎಮ್ಮೆ ಬೆಳಗಾಗುವುದರಲ್ಲಿ ಬೂದು ಎಮ್ಮೆಯಾಗುತ್ತಿತ್ತು. ಸಂಜೆ ಮಿಲ್ಲಿನ ಭೋಂಗಾ ಕೂಗಿದ ಮೇಲೆ ಅವ್ವ ಮನೆಗೆ ಬಂದರೆ ಅವಳ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಹೊಸ್ತಿಲ ಹೊರಗೆ ನಿಂತು, "ಜಾಡಿಸವಾ" ಎನ್ನುತ್ತಿದ್ದಳು. ನಾನು ಕಟ್ಟೆಯ ಮೇಲೆ ಹತ್ತಿ ನಿಂತು ಅವಳ ತಲೆ ಜಾಡಿಸುತ್ತಿದ್ದೆ. ಒಳಗಿನಿಂದ ಕರಿ ಕೂದಲು ಬರುತ್ತಿತ್ತು. ನನಗೆ ಅದೊಂದು ಆಟ. ಅವ್ವನನ್ನು ದಿನವೂ ಮುದುಕಿಯಿಂದ ಹುಡುಗಿ ಮಾಡುವ ಆಟ.

ನಮ್ಮ ಶಾಲೆ ಚರ್ಚಿನ ಆವರಣದಲ್ಲಿತ್ತು. ಡಿಸೆಂಬರು ಬಂದರೆ ಎಸ್ತರ್ ಟೀಚರು ವರಾಂಡದಲ್ಲಿ ಯೇಸು ಹುಟ್ಟಿದ ಗೋದಲಿ ಕಟ್ಟುತ್ತಿದ್ದರು. ಜೋಳದ ದಂಟಿನ ಗುಡಿಸಲು, ಮಣ್ಣಿನ ಆಕಳು, ಮೂಗು ಮುರಿದ ಒಂಟೆ. ಅದರ ಮೇಲೆಲ್ಲ ಹಿಮ ಬೀಳಬೇಕು. ಹಿಮಕ್ಕೆ ಹತ್ತಿ ಬೇಕು. "ಹತ್ತಿ ಯಾರು ತರ್ತೀರಿ?" ಎಂದು ಟೀಚರು ಕೇಳುವುದೇ ತಡ, ನನ್ನ ಕೈ ಮೇಲೆ. ವರ್ಷವಿಡೀ ಲೆಕ್ಕ ಬರದೆ, ಹಾಡು ಬರದೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ನನಗೆ ಮುಂದೆ ಬರಲು ಅದೊಂದೇ ದಾರಿ. ಅವ್ವ ಮೇಸ್ತ್ರಿಯನ್ನು ಕೇಳಿ ಒಂದು ಉಡಿ ಹತ್ತಿ ತರುತ್ತಿದ್ದಳು. ಸೀರೆಯ ಉಡಿಯಲ್ಲಿ ಹತ್ತಿ ತುಂಬಿಕೊಂಡು ಅವಳು ಓಣಿಯಲ್ಲಿ ನಡೆದು ಬರುವಾಗ ನಾನು, "ಹಿಮ ಬಂತು, ಹಿಮ ಬಂತು" ಎಂದು ಕೂಗುತ್ತ ಮುಂದೆ ಓಡುತ್ತಿದ್ದೆ.

ಎಸ್ತರ್ ಟೀಚರು ನಮಗೆ ಹಿಮದ ವರ್ಣನೆ ಮಾಡುತ್ತಿದ್ದರು. ಸಪ್ಪಳವೇ ಇಲ್ಲದೆ ಬೀಳುತ್ತದಂತೆ. ಬಿದ್ದಾಗ ಊರಿನ ಕೊಳೆಯೆಲ್ಲ ಮುಚ್ಚಿಹೋಗುತ್ತದಂತೆ. ಬಾಯಿ ತೆರೆದು ನಿಂತರೆ ನಾಲಿಗೆಯ ಮೇಲೆ ಕರಗುತ್ತದಂತೆ. ಪಾಪ, ಟೀಚರು ಹುಬ್ಬಳ್ಳಿ ದಾಟಿದವರಲ್ಲ. ಆ ವರಾಂಡದಲ್ಲಿ ಹಿಮ ಸುರಿಸುತ್ತಿದ್ದ ನಾವು ಯಾರೂ ಹಿಮ ಕಂಡವರಲ್ಲ. ಆದರೂ ಹತ್ತಿ ಹಚ್ಚುವಾಗ ಟೀಚರಿಗೆ ಶಾಲು ಹೊದೆಯುವಷ್ಟು ಚಳಿಯಾಗುತ್ತಿತ್ತು.

ಒಂದು ವರ್ಷ ಅವ್ವ ಗೋದಲಿ ನೋಡಲು ಶಾಲೆಗೆ ಬಂದಳು. ಮಿಲ್ಲಿನಿಂದ ನೇರವಾಗಿ ಬಂದಿದ್ದಳು, ತಲೆ ಜಾಡಿಸಿರಲಿಲ್ಲ. ಗೋದಲಿಯ ಮುಂದೆ ಬಹಳ ಹೊತ್ತು ನಿಂತು, "ಖರೇ ಹಿಮ ಹಿಂಗ ಇರತೈತೇನ?" ಎಂದು ನನ್ನನ್ನು ಕೇಳಿದಳು. ಅವ್ವ ನನ್ನನ್ನು ಏನನ್ನಾದರೂ ಕೇಳಿ ತಿಳಿದುಕೊಂಡದ್ದು ಅದೇ ಮೊದಲು. ನನಗೆ ಕೋಡು ಮೂಡಿತು. ಟೀಚರ ಎದುರಿಗೇ, "ನಾ ದೊಡ್ಡಾಕ್ಯಾದ ಮ್ಯಾಲೆ ನಿನಗ ಖರೇ ಹಿಮ ಬೀಳೂದ ತೋರಸ್ತೀನಿ ಬೇ. ಇಬ್ಬರೂ ಕೂಡೇ ನೋಡೂಣು" ಎಂದೆ. ಅವ್ವ ನಗಲಿಲ್ಲ. "ಆತು, ಕೂಡೇ ನೋಡೂಣು" ಎಂದಳು. ಆಗ ನನಗೆ ಎಂಟು ವರ್ಷ.

ದೊಡ್ಡವಳಾದೆ, ಓದಿದೆ, ಮದುವೆಯಾಗಿ ಇಲ್ಲಿಗೆ ಬಂದೆ. ಮೊದಲ ಡಿಸೆಂಬರಿನಲ್ಲಿ ಗೆಳೆಯರು ಹಿಮ ನೋಡಲು ಹೊರಟಾಗ ನಾನು ಶೂ ಹಾಕಿಕೊಂಡು ಬಾಗಿಲವರೆಗೂ ಬಂದವಳು ನಿಂತುಬಿಟ್ಟೆ. ಅವ್ವ ಬರಲಿ, ಅವಳೊಂದಿಗೇ ನೋಡಿದರಾಯಿತು ಅನ್ನಿಸಿತು. ಮುಂದಿನ ವರ್ಷ ಹೇಗೂ ಬರುತ್ತಾಳಲ್ಲ! ಆದರೆ ಅವ್ವನಿಗೆ ಎರಡು ಸಲ ವೀಸಾ ಸಿಗಲಿಲ್ಲ. ಬಾಣಂತನಕ್ಕೆ ಅತ್ತೆಯೇ ಬರಬೇಕಾಯಿತು. ಆಮೇಲೆ ಅವ್ವನ ಮೊಣಕಾಲು, ಆಮೇಲೆ ತಮ್ಮನ ಮದುವೆ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಹದಿನೈದು ವರ್ಷ ಕಳೆಯಿತು.

ಕಡೆಗೂ ಅವ್ವ ಬಂದಾಗ ಇಂಚರಳಿಗೆ ಒಂಬತ್ತು. ನವೆಂಬರಿನ ಎಳೆಬಿಸಿಲಿನಲ್ಲಿ ಏರ್‌ಪೋರ್ಟಿನಿಂದ ಹೊರಗೆ ಬಂದ ಅವ್ವ ಎರಡು ಸ್ವೆಟರು, ಮಂಕಿ ಟೋಪಿ, ಕಾಲುಚೀಲ ಹಾಕಿಕೊಂಡು ಬೆವರುತ್ತಿದ್ದಳು. ಬಗಲಲ್ಲಿ ಈ ದಿಂಬಿನ ಚೀಲ. ಒಳಗಿದ್ದ ಕಸ್ಟಮ್ಸ್ ಅಧಿಕಾರಿ ಅದನ್ನು ಬಿಚ್ಚಿಸಿ, ಮೊಣಕೈವರೆಗೆ ಕೈ ಹಾಕಿ ಹುಡುಕಿದನಂತೆ. ಅವ್ವ ಒಂದಿಷ್ಟು ಹತ್ತಿ ತೆಗೆದು, ಅವನ ಎದುರಿಗೇ ಅಂಗೈಯಲ್ಲಿ ಹೊಸೆದು ಒಂದು ಬತ್ತಿ ಮಾಡಿ ತೋರಿಸಿ, ಕೈ ಮುಗಿದಳಂತೆ. ಅವನು ಬತ್ತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೇಜಿನ ಮೇಲೆ ಇಟ್ಟುಕೊಂಡು, ಹೋಗು ಎಂದನಂತೆ.

ಕಾರು ಹತ್ತಿದ ಮೇಲೆ ಅವ್ವ ಕಿಟಕಿಯ ಹೊರಗೆ ನೋಡಿ ಕೇಳಿದಳು: "ಎಲ್ಲೈತಿ?"

"ಏನು ಬೇ?"

"ಹಿಮ."

ನಮ್ಮ ಮನೆಯವರು ಸ್ಟಿಯರಿಂಗು ಹಿಡಿದುಕೊಂಡೇ, "ಇಲ್ಲಿ ಬೀಳಾಕಿಲ್ಲ ಕಣತ್ತೆ. ಬೆಟ್ಟಕ್ಕೋಗ್ಬೇಕು. ಕರ್ಕೊಂಡೋಯ್ತೀನಿ, ಸುಮ್ಕಿರಿ" ಎಂದರು.

ಡಿಸೆಂಬರಿನ ಮೂರನೆಯ ವಾರ ಹೊರಟೆವು. ನನಗೆ ಮದುವೆಯ ಮುಂಚಿನ ದಿನದಂತೆ ನಿದ್ದೆ ಬಂದಿರಲಿಲ್ಲ. ಬೆಟ್ಟದ ಬುಡದಲ್ಲಿ ಮಳೆ ಹನಿಯುತ್ತಿತ್ತು. ಮೇಲೆ ಹಿಮ ಬೀಳುತ್ತಿದೆ, ಚಕ್ರಕ್ಕೆ ಚೈನು ಕಟ್ಟಿಕೊಂಡೇ ಹೋಗಬೇಕು ಎಂದು ಬೋರ್ಡು ಹಾಕಿದ್ದರು. ಹಳದಿ ಕೋಟಿನವರು ಕಟ್ಟಿಕೊಡಲು ನಿಂತಿದ್ದರು. ನಮ್ಮವರು, "ಟ್ರ್ಯಾಕ್ಟರ್ ಚಕ್ರವ ಬಿಚ್ಚಿ ಹಾಕಿರೋನು ಕಣೆ ನಾನು, ಇವ್ರು ಯಾಕ್ ಬೇಕು?" ಎಂದು ಕೆಸರಿನಲ್ಲಿ ಅಂಗಾತ ಮಲಗಿ ಮುಕ್ಕಾಲು ತಾಸು ಒದ್ದಾಡಿದರು. ಕಟ್ಟಿದ ಮೇಲೆ ನೋಡಿದರೆ ಒಂದು ಚೈನು ಹಿಂದುಮುಂದಾಗಿತ್ತು. ಮತ್ತೆ ಬಿಚ್ಚಿದರು. ಎದುರಿನಿಂದ ಇಳಿದು ಬರುವ ಕಾರುಗಳ ನೆತ್ತಿಯ ಮೇಲೆ ಗೇಣುದ್ದ ಹಿಮವಿತ್ತು. ಕಾರಿನ ಮೇಲೆ ಕೂತ ಹಿಮ ನೋಡಿದರೆ ನನ್ನ ವ್ರತ ಕೆಡುವುದಿಲ್ಲ, ಬೀಳುವ ಹಿಮ ಮಾತ್ರ ಲೆಕ್ಕ ಎಂದು ನಾನು ಆಗಲೇ ಒಂದು ತೀರ್ಮಾನ ಮಾಡಿಕೊಂಡೆ.

ಚೈನು ಕಟ್ಟಿ ಮೇಲೆ ಹೊರಟು ಇಪ್ಪತ್ತು ನಿಮಿಷವಾಗಿತ್ತೋ ಇಲ್ಲವೋ, ಹೊರಗೆ ಇನ್ನೂ ಮಳೆಯೇ ಇತ್ತು, ಹಿಂದಿನ ಸೀಟಿನಿಂದ ಇಂಚರ ಕರೆದಳು. "ಅಮ್ಮಾ, ಅಜ್ಜಿ ಈಸ್ ಬ್ರೀದಿಂಗ್ ಫನ್ನಿ."

ತಿರುಗಿ ನೋಡಿದರೆ ಅವ್ವ ಎರಡೂ ಕೈಯಿಂದ ಮುಂದಿನ ಸೀಟು ಹಿಡಿದುಕೊಂಡು ಉಸಿರು ಎಳೆಯುತ್ತಿದ್ದಳು. ಎದೆಯಲ್ಲಿ ಸಿಳ್ಳೆಯ ಸಪ್ಪಳ. ಮೂವತ್ತು ವರ್ಷ ಮಿಲ್ಲಿನಲ್ಲಿ ನುಂಗಿದ ಹತ್ತಿ ಅವಳ ಎದೆಯಲ್ಲಿ ಕೂತಿತ್ತು. ಓಣಿಯಲ್ಲಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಬೆಟ್ಟದ ಥಂಡಿಗೆ, ಏರಿಗೆ ಅದು ಎದ್ದು ನಿಂತಿತು. ತುಟಿ ನೀಲಿಯಾಗತೊಡಗಿತು.

"ಇನ್ನ ಎಷ್ಟ ದೂರ?" ಅವ್ವ ಕೇಳಿದಳು.

"ಅರ್ಧ ತಾಸು ಬೇ."

"ಮತ್ತ ನಡೀರಿ. ನನಗೇನ ಆಗೂದಿಲ್ಲ."

ನಮ್ಮವರು ನನ್ನ ಮುಖ ನೋಡಿದರು. ಅರ್ಧ ತಾಸು. ನಾನು ಹೇಳಿದೆ, "ತಿರುಗಿಸ್ರಿ." ನನ್ನ ಜನ್ಮದಲ್ಲಿ ಆಡಿದ ಮಾತುಗಳಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅದು. ಇಳಿಯುವಾಗ ಅವ್ವ ಹಿಂದಿನ ಗಾಜಿನಿಂದ ಬೆಟ್ಟವನ್ನೇ ನೋಡುತ್ತಿದ್ದಳು. ಅಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮರುದಿನ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಬೆಟ್ಟ ಬೇಡ, ಥಂಡಿ ಬೇಡ, ಊರಿಗೆ ಹೋದ ಮೇಲೆ ಮತ್ತೆ ಇಷ್ಟು ದೂರದ ವಿಮಾನವೂ ಬೇಡ ಎಂದರು.

ಈಗ ನಾನು ಮಾಡಿದ ಕಳ್ಳತನ ಹೇಳುತ್ತೇನೆ. ನಮ್ಮ ಪಕ್ಕದ ಊರಿನ ಒಂದು ಶಾಪಿಂಗ್ ಪ್ಲಾಜಾದಲ್ಲಿ ಕ್ರಿಸ್‌ಮಸ್ಸಿನ ತಿಂಗಳಿಡೀ ಸಂಜೆ ಆರಕ್ಕೆ ಹಿಮ ಬೀಳಿಸುತ್ತಾರೆ. ಅಂಗಡಿಗಳ ಮಾಡಿನ ಮೇಲೆ ಯಂತ್ರವಿಟ್ಟು ಸಾಬೂನಿನ ನೊರೆಯನ್ನು ಚೂರುಚೂರಾಗಿ ಊದುತ್ತಾರೆ. ಹತ್ತು ನಿಮಿಷದ ಹಿಮ. ಅವ್ವನಿಗೆ ಉಸಿರು ಸರಿಹೋದ ಮೇಲೆ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಇಂಚರಳ ಕಿವಿಯಲ್ಲಿ, "ಅಜ್ಜಿಗೆ ಸೋಪು ಅಂತ ಹೇಳಬ್ಯಾಡ" ಎಂದೆ.

"ಬಟ್ ದಟ್ಸ್ ಲೈಯಿಂಗ್, ಅಮ್ಮಾ."

"ಅಲ್ಲ, ಸರ್‌ಪ್ರೈಸು."

ಆರು ಗಂಟೆಗೆ ಯಂತ್ರ ಗುಂಯ್‌ಗುಟ್ಟಿತು. ಮೇಲಿನಿಂದ ಬಿಳಿ ಬಿಳಿ ಚೂರುಗಳು ತೇಲುತ್ತ ಇಳಿದವು. ದೀಪದ ಬೆಳಕಿನಲ್ಲಿ ನೋಡಿದರೆ, ಸುಳ್ಳೇಕೆ ಹೇಳಲಿ, ಗೊತ್ತಿದ್ದ ನನಗೂ ಮೈ ಜುಂ ಎಂದಿತು. ಅವ್ವ ಟೋಪಿ ತೆಗೆದಳು. ಮುಖ ಮೇಲೆತ್ತಿ, ಎರಡೂ ಅಂಗೈ ಚಾಚಿ ನಿಂತಳು. ಅವಳ ತಲೆಯ ಮೇಲೆ, ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿಳಿ ಕೂತಿತು. ಮಿಲ್ಲಿನಿಂದ ಬಂದು ಹೊಸ್ತಿಲ ಹೊರಗೆ ನಿಂತ ಹಾಗೇ ಇದ್ದಳು. ನಾನು ಹಿಮ ನೋಡಲಿಲ್ಲ, ಅವಳನ್ನೇ ನೋಡಿದೆ.

"ಕೈಯಾಗ ನಿಂದರವಲ್ದು" ಎಂದಳು ಅವ್ವ.

"ಕರಗತೈತಿ ಬೇ."

"ಹೌದೌದು." ಸ್ವಲ್ಪ ಹೊತ್ತಿಗೆ ಕಣ್ಣು ಉಜ್ಜಿಕೊಳ್ಳತೊಡಗಿದಳು. ನೀರು ಸುರಿಯುತ್ತಿತ್ತು.

"ಥಂಡಿಗೆ ಬೇ."

"ಹೌದು, ಥಂಡಿಗೆ."

ಮನೆಗೆ ಬಂದು ಗದಗಿಗೆ ಫೋನು ಹಚ್ಚಿಸಿಕೊಂಡು, "ನೋಡಿದೆ. ಮಗಳು ತೋರಿಸಿದಳು" ಎಂದು ಓಣಿಗೆಲ್ಲ ಹೇಳಿದಳು. ಆ ಸಂಜೆಯೇ ದಿಂಬಿನ ಚೀಲದಿಂದ ಹತ್ತಿ ತೆಗೆದು, ಇಂಚರಳನ್ನು ಕೂರಿಸಿಕೊಂಡು ನಮ್ಮ ಪ್ಲಾಸ್ಟಿಕ್ ಗಿಡಕ್ಕೆ ಹಚ್ಚಿದಳು. ಉಳಿದದ್ದನ್ನು ಚೀಲದಲ್ಲೇ ಬಿಟ್ಟು ಊರಿಗೆ ಹೋದಳು. ನಾನು ಅವ್ವನಿಗೆ ಸುಳ್ಳು ಹೇಳಿದೆ, ಸರಿ. ನನ್ನ ವ್ರತಕ್ಕೆ ಸುಳ್ಳು ಹೇಳಲಾಗಲಿಲ್ಲ. ಸಾಬೂನಿನಿಂದ ಕೊಟ್ಟ ಮಾತು ತೀರಿದಂತಾಗುವುದಿಲ್ಲ. ಆದ್ದರಿಂದ ರಿಲೀಸು, ಜ್ವರ, ಹಲ್ಲುನೋವು ಮುಂದುವರಿದವು. ಈ ಏಳು ವರ್ಷ ಡಿಸೆಂಬರು ಬಂದರೆ ಎರಡು ಮುಳ್ಳು ಚುಚ್ಚುತ್ತಿದ್ದವು: ಅವ್ವನಿಗೆ ಹಿಮ ತೋರಿಸಲಿಲ್ಲ ಎನ್ನುವುದು ಒಂದು, ತೋರಿಸಿದೆನೆಂದು ನಂಬಿಸಿದೆ ಎನ್ನುವುದು ಇನ್ನೊಂದು.

ಕಳೆದ ವಾರ ಆ ಪ್ಲಾಜಾಕ್ಕೆ ಮತ್ತೆ ಹೋಗಿದ್ದೆವು. ಇಂಚರಳಿಗೆ ಈಗ ಹದಿನಾರು, ಕಾರು ಅವಳೇ ಓಡಿಸಿದಳು. ಆರು ಗಂಟೆಗೆ ಯಂತ್ರ ಶುರುವಾಯಿತು. ಗದಗಿನಲ್ಲಿ ಆಗ ಮರುದಿನ ಬೆಳಿಗ್ಗೆ ಏಳೂವರೆ. ಇಂಚರ ವಿಡಿಯೋ ಕಾಲು ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅವ್ವ ತಮ್ಮನ ಮನೆಯ ಪಡಸಾಲೆಯಲ್ಲಿ, ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. ಉಸಿರಿನ ಸಿಳ್ಳೆ ಫೋನಿನಲ್ಲೂ ಕೇಳುತ್ತಿತ್ತು.

"ಯವ್ವಾ, ನೋಡಿಲ್ಲೆ, ಹಿಮ ಬೀಳಾಕ ಹತ್ತೈತಿ" ಎಂದು ಫೋನನ್ನು ಮೇಲೆ ಹಿಡಿದೆ.

ಅವ್ವ ಪರದೆಯ ಹತ್ತಿರ ಬಂದಳು. "ಹೌದಲ್ಲ! ಈ ಸಲ ಭಾಳ ಬೀಳಾಕ ಹತ್ತೈತಿ." ಆಮೇಲೆ ಎಂದಿನ ದನಿಯಲ್ಲೇ, "ಮ್ಯಾಲೆ ಮಾರಿ ಮಾಡಬ್ಯಾಡ, ಕಣ್ಣಾಗ ಹೋದ್ರ ಉರೀತೈತಿ. ಮನಿಗೆ ಹೋಗಿ ಕೂಸಿನ ತಲಿ ಬರೇ ನೀರಿಲೆ ತೊಳಿ. ಮತ್ತ ಸಾಬೂನ ಹಚ್ಚಬ್ಯಾಡ, ಹತ್ತಿದ್ದ ಸಾಕು" ಎಂದಳು.

ಮೇಲೆತ್ತಿದ ಫೋನನ್ನು ಮುಖದ ಹತ್ತಿರ ತಂದೆ. "ನಿನಗ ಗೊತ್ತಿತ್ತೇನ ಬೇ?"

"ಐವತ್ತು ವರ್ಷ ಅರಿವಿ ಒಗದಾಕಿ ನಾ. ಸಾಬೂನಿನ ಬುರುಗು ನನಗ ಗುರ್ತಾಗೂದಿಲ್ಲೇನ?"

"ಮತ್ತ ಆವತ್ತ ಯಾಕ ಹೇಳಲಿಲ್ಲ?"

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಸಣ್ಣಾಕಿದ್ದಾಗ ನಾ ಉಡ್ಯಾಗ ಹತ್ತಿ ತಂದ್ರ ನೀ ಹಿಮ ಬಂತು, ಹಿಮ ಬಂತು ಅಂತ ಓಣಿ ತುಂಬ ಓಡ್ತಿದ್ದಿ. ನಾ ಏನರ ಅಲ್ಲ ಅಂದಿದ್ನ್ಯಾ?"

ಸುತ್ತ ಮಕ್ಕಳು ಕುಣಿಯುತ್ತಿದ್ದರು. ಯಂತ್ರ ನಿಂತಿತು, ಹತ್ತು ನಿಮಿಷ ಮುಗಿದಿತ್ತು. ಕಣ್ಣು ಉರಿಯುತ್ತಿತ್ತು, ಸಾಬೂನಿಗೋ ಅಳುವಿಗೋ ತಿಳಿಯಲಿಲ್ಲ.

"ನೀ ಹಿಮ ಬಿಟ್ಟೀಯಂತಲ್ಲ" ಎಂದಳು ಅವ್ವ. "ಕೂಸು ಹೇಳಿತು."

ನಾನು ಇಂಚರಳ ಕಡೆ ನೋಡಿದೆ. ಅವಳು ಫೋನಿನ ಹತ್ತಿರ ಬಾಗಿ, ತನ್ನ ಮುರುಕು ಕನ್ನಡದಲ್ಲಿ, "ಸಾರಿ ಅಮ್ಮಾ, ಅಜ್ಜಿ ಕೇಳ್ದ್ರು" ಎಂದಳು.

"ಗಂಗವ್ವ ಬದನಿಕಾಯಿ ಬಿಟ್ಟು ಏನ ಕಂಡಳು? ಸಾಯೂ ಮುಂದ ಅದನ್ನ ಕೇಳಿದಳು" ಎಂದಳು ಅವ್ವ. ಉಸಿರು ಎಳೆದುಕೊಂಡು ಹೇಳಿದಳು: "ಹೋಗಿ ನೋಡಿ ಬಾ ನನ್ನವ್ವ. ಇಬ್ಬರಾಗ ಒಬ್ಬರರೆ ಖರೇದು ನೋಡಬೇಕಲ್ಲ. ಹೆಂಗಿರತೈತಿ ಅಂತ ಬಂದು ನನಗ ಹೇಳು."

ಬೆಟ್ಟದ ಮೇಲೆ ಹಿಮ ಬೀಳುತ್ತಿದೆಯಂತೆ. ನಾಳೆ ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಅಪ್ಪ ಮಗಳು ಗೊತ್ತು ಮಾಡಿದ್ದಾರೆ. ಚೈನು ಆಗಲೇ ಕಾರಿನ ಡಿಕ್ಕಿಯಲ್ಲಿದೆ. ನನಗೆ ಈ ಸಲ ರಿಲೀಸಿಲ್ಲ, ಜ್ವರವಿಲ್ಲ, ಹಲ್ಲೂ ಚೆನ್ನಾಗಿದೆ. ಅವ್ವನೇ ಹೋಗು ಎಂದಿದ್ದಾಳೆ. ಆದರೆ ನಾನೊಬ್ಬಳೇ ನೋಡಿಬಿಟ್ಟರೆ ಅವಳು ಇನ್ನು ನೋಡುವುದಿಲ್ಲ ಎನ್ನುವುದನ್ನು ನಾನೂ ಒಪ್ಪಿಕೊಂಡ ಹಾಗೆ. ನೋಡದೆ ಇರುವಷ್ಟು ದಿನ, ಇಬ್ಬರೂ ಕೂಡೇ ನೋಡುತ್ತೇವೆ ಎಂಬ ಆ ಎಂಟು ವರ್ಷದ ಹುಡುಗಿಯ ಮಾತು ಇನ್ನೂ ಸುಳ್ಳಾಗಿಲ್ಲ.

ಗರಾಜಿನ ಬಾಗಿಲಲ್ಲಿ ನಮ್ಮವರು ಎರಡನೆಯ ಸಲ ಬಂದು ನಿಂತಿದ್ದಾರೆ. "ಬತ್ತೀಯೋ ಇಲ್ವೋ ಹೇಳ್ಬುಡು. ಮೂರ್ ಜನಕ್ ಆಗೋವಷ್ಟು ಚಿತ್ರಾನ್ನ ಕಲಸ್ಲಾ, ಇಬ್ರಿಗಾ?"

ನಾನು ದಿಂಬಿನ ಚೀಲದಿಂದ ಹತ್ತಿ ತೆಗೆದು ಗಿಡಕ್ಕೆ ಹಚ್ಚುತ್ತಿದ್ದೇನೆ. ಉತ್ತರ ಇನ್ನೂ ಕೊಟ್ಟಿಲ್ಲ.